ಸೋರುವ ಜೀಪಿಗೆ ಕೆಂಪು ಆರತಿ

ಕೋಣ ಎಂದರೆ ನಮ್ಮ ಜೀಪು. ಹೆಸರಿಟ್ಟವಳು ನಾನೇ. ಮೈಬಣ್ಣ ಕಪ್ಪು, ಸ್ವಭಾವ ಮೊಂಡು, ಬೆಳಿಗ್ಗೆ ಎಬ್ಬಿಸಿದರೆ ಮೊದಲು ಕೆಮ್ಮಿ, ಒಂದಷ್ಟು ಹೊಗೆ ಬಿಟ್ಟು, ಆಮೇಲೆ ಮನಸ್ಸಿದ್ದರೆ ಹೊರಡುವ ಹಳೆಯ ಡೀಸೆಲ್ ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಇರುವುದರಿಂದ, ಮಳೆಗಾಲದಲ್ಲಿ ಮುಂಬಯಿಯ ವಡಾಲದ ರಸ್ತೆಗಳು ಕೆರೆಯಾಗಿ, ಬೇರೆ ಕಾರುಗಳೆಲ್ಲ ಮುಳುಗಿ ಕೂತಾಗ ನಮ್ಮದು ಮಾತ್ರ ನೀರು ಸೀಳಿಕೊಂಡು ಬರುತ್ತದೆ. ಅಂಥ ಕೋಣವನ್ನು ಮಾರುವುದೆಂದು ನನ್ನ ಗಂಡ ರಮಾನಾಥರು ತೀರ್ಮಾನಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕಾರಣ ಸೋರಿಕೆ. ಎಂಜಿನ್ನನ್ನು ತಣ್ಣಗಿಡುವ ನೀರು, ಕೂಲಂಟ್ ಅನ್ನುತ್ತಾರಲ್ಲ, ಅದು ಎಲ್ಲಿಂದಲೋ ಖಾಲಿಯಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಕೆಳಗಿನ ಪೈಪು ಬದಲಾಯಿಸಿದ. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಸೋರಿತು. ಇನ್ನೊಬ್ಬ ನೀರಿನ ಪಂಪನ್ನೇ ಬದಲಾಯಿಸಿದ. ಮತ್ತೆ ಅದೇ ಕಥೆ. ಮೂರನೆಯವನು ಬಾನೆಟ್ ತೆರೆದು ನೋಡಿ, "ಭಾಭೀ, ಬೇಚ್ ಡಾಲೋ", ಮಾರಿಬಿಡಿ ಎಂದು ಹೇಳಿ ಮುಚ್ಚಿಬಿಟ್ಟ. ಹೋದ ವಾರ ವಾಶಿ ಮಾರ್ಕೆಟಿನಿಂದ ತರಕಾರಿ ತುಂಬಿಕೊಂಡು ಬರುವಾಗ ಕೋಣ ಸೇತುವೆಯ ಮೇಲೆ ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಅಂದು ನಮ್ಮ ಹೋಟೆಲಿನ ಊಟಕ್ಕೆ ಆಲೂಗಡ್ಡೆಯ ಪಲ್ಯ, ಆಲೂಗಡ್ಡೆಯ ಹುಳಿ, ಆಲೂಗಡ್ಡೆಯ ಬಜ್ಜಿ. ಗಿರಾಕಿಗಳು ಯಾರಿಗಾದರೂ ವ್ರತವೇ ಎಂದು ಕೇಳಿದರು.

"ಇನ್ನು ನಿಂಗೆ ಈ ಕಷ್ಟ ಬೇಡ ಮಾರಾಯ್ತಿ," ಎಂದರು ರಮಾನಾಥರು. "ಟೆಂಪೋದವನು ತರಕಾರಿ ಬಾಗಿಲಿಗೇ ತಂದು ಹಾಕ್ತಾನೆ. ನೀನು ಬೆಳಿಗ್ಗೆ ಆರಾಮಲ್ಲಿ ಮಲ್ಕೊ."

ಕಷ್ಟವಂತೆ! ಮದುವೆಯಾಗಿ ಉಡುಪಿಯಿಂದ ಬಂದ ಮೇಲೆ ನಾನು ಕಂಡ ಮುಂಬಯಿ ಎಂದರೆ ಅಡುಗೆಮನೆಯ ಕಿಟಕಿ ಮತ್ತು ಗಲ್ಲಾದ ಹಿಂದಿನ ಕುರ್ಚಿ. ಡ್ರೈವಿಂಗ್ ಕಲಿತದ್ದು ಐವತ್ತು ದಾಟಿದ ಮೇಲೆ. ಬೆಳಗಿನ ಆ ಮಾರ್ಕೆಟಿನ ಪ್ರಯಾಣ ಇದೆಯಲ್ಲ, ಇಡೀ ದಿನದಲ್ಲಿ ನನ್ನದು ಅಂತ ಇರುವುದು ಅದೊಂದೇ. ಕೋಣದ ಸೀಟು ಎಷ್ಟು ಎತ್ತರವೆಂದರೆ ದೊಡ್ಡ ದೊಡ್ಡ ಕಾರಿನವರ ಬೋಳುತಲೆ ಕಾಣುತ್ತದೆ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಬಂದಾಗ ಗಂಟಲು ಬಿಟ್ಟು ಹಾಡುತ್ತೇನೆ. ಬೈಯಬೇಕಾದವರನ್ನೆಲ್ಲ ಹೆಸರು ಹಿಡಿದು ಬೈಯುತ್ತೇನೆ, ಅದರಲ್ಲಿ ರಮಾನಾಥರ ಹೆಸರೂ ಬರುತ್ತದೆ. ಇದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಅದು ನನ್ನದಾಗಿ ಉಳಿಯುವುದಿಲ್ಲ ಎಂಬ ಹೆದರಿಕೆ.

ಕೊಳ್ಳಲು ಬರುವವರು ಶೆಟ್ಟೆಪ್ಪ. ಬೆಳಗಾವಿ ಕಡೆಯವರು, ಮಲಾಡಿನಲ್ಲಿ ಬಟ್ಟೆ ವ್ಯಾಪಾರ, ನಮ್ಮ ಹೋಟೆಲಿನ ಹುಡುಗರ ಯೂನಿಫಾರ್ಮು ಅವರಲ್ಲಿಂದಲೇ ಬರುವುದು. ಚಿಕ್ಕಂದಿನಿಂದ ಒಂದು ಜೀಪು ಬೇಕೆಂಬ ಆಸೆಯಂತೆ. ಆದರೆ ಅವರ ಹೆಂಡತಿ ಗಂಗುಬಾಯಿ ಒಂದು ಷರತ್ತು ಹಾಕಿದ್ದರು: ಸೋರುವ ಗಾಡಿ ತಂದರೆ ಗಂಡ ಆ ಗಾಡಿಯಲ್ಲೇ ಮಲಗಬೇಕು. ಹಾಗಾಗಿ ಸೋರಿಕೆ ನಿಂತರೆ ಕೋಣ ಶೆಟ್ಟೆಪ್ಪನವರ ಮನೆಗೆ. ನಿಲ್ಲದಿದ್ದರೆ ಸೋಮವಾರ ಗುಜರಿ ಸಾಮಾನಿನ ಭಂಗಾರ್‌ವಾಲಾ ಬಂದು ತುಂಡು ತುಂಡು ಮಾಡಿ ಒಯ್ಯುತ್ತಾನೆ. ಅತ್ತ ದರಿ, ಇತ್ತ ಪುಲಿ. ನನ್ನ ಪಾಲಿಗೆ ಎರಡು ಕಡೆಯಿಂದಲೂ ಕೋಣ ಇಲ್ಲ.

ಭಾನುವಾರ ಮಧ್ಯಾಹ್ನ ಊಟದ ಗಲಾಟೆ ಮುಗಿಯುವ ಹೊತ್ತಿಗೆ ಶೆಟ್ಟೆಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು. ಹೋಟೆಲಿನ ಪಕ್ಕದ ಗಲ್ಲಿಯಲ್ಲಿ ನಿಂತ ಕೋಣವನ್ನು ನೋಡಿದ್ದೇ ಚಪ್ಪಲಿ ಬಿಚ್ಚಿ ಕೈಮುಗಿದರು.

"ಏ ಅಣ್ಣಾರ, ಇದು ಗಾಡಿ ಅಲ್ರಿ, ಆನಿ ಐತ್ರಿ!"

"ಆನೆ ಅಲ್ಲ, ಕೋಣ," ಎಂದೆ ನಾನು, ಮುಖ ಗಂಟಿಕ್ಕಿಕೊಂಡು.

ಆಗಲೇ ಕೋಣದ ಹೊಟ್ಟೆಯ ಕೆಳಗೆ ಒಂದು ಹನಿ ಬಿತ್ತು. ಶೆಟ್ಟೆಪ್ಪ ಬಗ್ಗಿ ನೋಡಿದರು. ಇನ್ನೊಂದು ಹನಿ. ಅವರ ಮುಖ ಬಾಡಿತು. "ಇದು ಹಿಂಗ ಇದ್ರ ಗಂಗುಬಾಯಿ ನನ್ನ ಬಾಗಲದಾಗ ನಿಂದರಸ್ತಾಳ್ರಿ," ಎಂದರು. ಆದರೆ ಹೋಗಲಿಲ್ಲ. ಜೀಪಿನ ಹುಚ್ಚು ಇರುವವರು ತೆರೆದ ಬಾನೆಟ್ ಬಿಟ್ಟು ಹೋಗಲಾರರು. ಶರ್ಟಿನ ತೋಳು ಮಡಚಿ, "ಮೊದ್ಲ ಎಲ್ಲಿಂದ ಸೋರಾಕತ್ತೈತಿ ಅಂತ ನೋಡೂಣು" ಎಂದು ತಲೆ ಒಳಗೆ ಹಾಕಿದರು.

ಅಷ್ಟು ಸುಲಭದ ಕೆಲಸವಲ್ಲ ಅದು. ಫ್ಯಾನು ತಿರುಗುವಾಗ ಸೋರಿದ ನೀರನ್ನು ಎಲ್ಲ ಕಡೆ ಎರಚಿಬಿಡುತ್ತದೆ. ಎಂಜಿನ್ ಪೂರ್ತಿ ಒದ್ದೆ, ಎಣ್ಣೆ ಜಿಡ್ಡು, ಮುಂಬಯಿಯ ಧೂಳು. ಮೂಲ ಎಲ್ಲಿ ಎಂದು ಹೇಳುವುದು ಹೇಗೆ? ಕೂಲಂಟಿನ ಹಸಿರು ಬಣ್ಣವಾದರೂ ಇದ್ದಿದ್ದರೆ ಗುರುತು ಸಿಗುತ್ತಿತ್ತು. ನಾವು ದಿನಾ ನಲ್ಲಿನೀರು ಹೊಯ್ದು ಹೊಯ್ದು ಅದು ಎಂದೋ ತೊಳೆದುಹೋಗಿತ್ತು.

"ಬಣ್ಣ ಉಂಟು," ಎಂದರು ರಮಾನಾಥರು ಮೆಲ್ಲಗೆ. "ನಿನ್ನೆ ಅರಶಿನ ಹಾಕಿದ್ದೇನೆ."

"ಎಂಥ ಹಾಕಿದ್ದೀರಿ?"

"ಅರಶಿನ. ಲಾರಿಯವನೊಬ್ಬ ಹೇಳಿದ. ರೇಡಿಯೇಟರಿಗೆ ಅರಶಿನ ಪುಡಿ ಹಾಕಿದ್ರೆ ತೂತು ಮುಚ್ತದಂತೆ. ನಾಲ್ಕು ಚಮಚ ಹಾಕಿದೆ. ಸಾಂಬಾರಿಗೆ ಹಾಕುವ ಚಮಚ."

ನಮ್ಮ ಸಾಂಬಾರಿನ ಚಮಚವೆಂದರೆ ಸೌಟಿಗೆ ಅಣ್ಣ. ನನಗೆ ಬೈಗುಳ ಬಾಯಿತುಂಬ ಬಂತು. ಹಳದಿ ನೀರಿನ ಗುರುತೂ ಆ ಕಂದು ಜಿಡ್ಡಿನಲ್ಲಿ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಶೆಟ್ಟೆಪ್ಪ ಯೋಚನೆಗೆಂದು ಎಲೆ ಮಡಚಲು ಕೂತರು, ಜೇಬಿನಿಂದ ಸುಣ್ಣದ ಡಬ್ಬಿ ತೆಗೆದರು. ನನ್ನ ಕಣ್ಣು ಆ ಡಬ್ಬಿಯ ಮೇಲೆ ನಿಂತಿತು. ಅರಶಿನ ಇಲ್ಲಿ ಉಂಟು, ಸುಣ್ಣ ಅಲ್ಲಿ ಉಂಟು. ಮದುಮಕ್ಕಳು ಮನೆಗೆ ಬಂದರೆ ತಟ್ಟೆಯಲ್ಲಿ ಅರಶಿನದ ನೀರಿಗೆ ಸುಣ್ಣ ಬೆರೆಸಿ, ಕೆಂಪಾದದ್ದೇ ಆರತಿ ಎತ್ತುವುದಿಲ್ಲವೇ?

"ಶೆಟ್ಟೆಪ್ಪನವರೇ, ಆ ಸುಣ್ಣ ಇತ್ಲಾಗೆ ಕೊಡಿ!"

ಎಂಜಿನ್ನಿಗೆ ಬರಿ ನೀರು ಹೊಯ್ದು ತೊಳೆದೆವು, ಬಟ್ಟೆಯಿಂದ ಒರೆಸಿದೆವು. ಕೋಣವನ್ನು ಎಬ್ಬಿಸಿ ಬಿಸಿಯಾಗಲು ಬಿಟ್ಟು, ಆಮೇಲೆ ಆರಿಸಿದೆವು. ನಾನು ಬೋಸಿಯಲ್ಲಿ ಸುಣ್ಣದ ತಿಳಿನೀರು ಮಾಡಿ, ದೋಸೆಕಾವಲಿಗೆ ನೀರು ಚಿಮುಕಿಸುವ ಹಿಡಿಸೂಡಿಯಿಂದ, ಹೊಸತೊಂದರಿಂದಲೇ, ಎಂಜಿನ್ ಮೇಲೆ ಚಿಮುಕಿಸಿದೆ. ಮೂವರೂ ತಲೆಗೆ ತಲೆ ತಾಗಿಸಿ ನೋಡುತ್ತ ನಿಂತೆವು. ಮುಂದೆ ಏನಿಲ್ಲ. ಬದಿಯಲ್ಲಿ ಏನಿಲ್ಲ. ಹಿಂದೆ, ಎಂಜಿನ್ನಿಗೂ ಡ್ರೈವರಿನ ಕಾಲಿಗೂ ನಡುವಿನ ಗೋಡೆಯ ಹತ್ತಿರ, ಯಾರೂ ಕೈ ಹಾಕದ ಸಂದಿಯಲ್ಲಿ, ಒಂದು ಪೈಪಿನ ಮೇಲೆ ಕೆಂಪು ಗೆರೆ ನಿಧಾನವಾಗಿ ಮೂಡಿತು.

"ಆರತಿ! ಆರತಿ!" ಎಂದು ರಮಾನಾಥರು ಕುಣಿದರು. ಶೆಟ್ಟೆಪ್ಪ ಎಲೆಯಡಿಕೆ ನುಂಗಿಬಿಟ್ಟು ಕೆಮ್ಮಿದರು. ನಾನೂ ನಕ್ಕೆ, ಆಮೇಲೆ ನೆನಪಾಯಿತು, ನಾನು ಸಂತೋಷಪಡಬೇಕಾದವಳಲ್ಲ. ಗಾಡಿ ಸರಿಯಾದಷ್ಟೂ ಕೈತಪ್ಪುತ್ತದೆ.

ಅದು ಹೀಟರಿನ ಪೈಪು. ಎಂಜಿನ್ನಿನ ಬಿಸಿನೀರನ್ನು ಒಳಗೆ ತಂದು ಚಳಿಗಾಲದಲ್ಲಿ ಕಾಲು ಬೆಚ್ಚಗಿಡುವುದಕ್ಕಂತೆ. ಮುಂಬಯಿಯಲ್ಲಿ ಹೀಟರು! ಇಲ್ಲಿ ಚಳಿಗಾಲದಲ್ಲೂ ಫ್ಯಾನಿನ ಕೆಳಗೆ ಕೂರಲು ಗಿರಾಕಿಗಳು ಜಗಳಾಡುತ್ತಾರೆ. ಶೆಟ್ಟೆಪ್ಪ ಒಡೆದ ಪೈಪನ್ನು ಕಿತ್ತುಹಾಕಿ, ಅದರ ಜೊತೆಯ ಗಟ್ಟಿ ಪೈಪನ್ನೇ ಬಗ್ಗಿಸಿ, ಹೋಗುವ ಬಾಯಿಯನ್ನೂ ಬರುವ ಬಾಯಿಯನ್ನೂ ಎಂಜಿನ್ನಿನ ಬಳಿಯೇ ಒಂದಕ್ಕೊಂದು ಸೇರಿಸಿದರು. ಬಿಗಿಯಲು ನಮ್ಮ ಗ್ಯಾಸಿನ ಪೈಪಿಗೆಂದು ಇಟ್ಟಿದ್ದ ಹೊಸ ಕ್ಲಿಪ್ಪುಗಳು ಒದಗಿದವು. ನೀರು ತುಂಬಿ ಮತ್ತೆ ಶುರು ಮಾಡಿದೆವು. ಬಿಸಿಯ ಸೂಜಿ ಮಧ್ಯದಲ್ಲಿ ನಿಂತಿತು. ಹನಿ ಇಲ್ಲ.

"ಏಕದಂ ಝಕಾಸ್!" ಎಂದು ರಮಾನಾಥರು ಬಗ್ಗಿದರು. ಬಗ್ಗಿದ್ದೇ ತಡ, ರೇಡಿಯೇಟರಿನ ಮೇಲಿನ ದೊಡ್ಡ ಪೈಪು ಹೊಟ್ಟೆ ಉಬ್ಬಿಸಿಕೊಂಡು, ಅಂಚಿನಲ್ಲಿ ಫಟ್ಟೆಂದು ಹರಿದು, ಹಳದಿ ನೀರು ಆಚೆ ನಿಂತಿದ್ದ ಶೆಟ್ಟೆಪ್ಪನವರ ಬಿಳಿ ಶರ್ಟಿನ ಮೇಲೆ ಕಾರಂಜಿಯಂತೆ ಹಾರಿತು. ದೂರದಲ್ಲಿದ್ದುದರಿಂದ ಸುಡಲಿಲ್ಲ, ದೇವರು ದೊಡ್ಡವನು. ನಾನು ಓಡಿಹೋಗಿ ಎಂಜಿನ್ ಆರಿಸಿದೆ. ಶೆಟ್ಟೆಪ್ಪ ಕಣ್ಣು ಒರೆಸಿಕೊಂಡು, ತಮ್ಮ ಹೊಟ್ಟೆ ನೋಡಿಕೊಂಡು, ಗಹಗಹಿಸಿ ನಕ್ಕರು. ನಕ್ಕು ನಕ್ಕು ಗೋಡೆಗೆ ಆತು ಕೂತರು. ಅವರನ್ನು ನೋಡಿ ನಾವಿಬ್ಬರೂ ಅಷ್ಟೇ. ಗಲ್ಲಿಯ ಕಿಟಕಿಗಳಲ್ಲಿ ಜನ ಇಣುಕಿದರು.

ಇಷ್ಟಾದರೂ ರಮಾನಾಥರು ಸುಮ್ಮನಿರಬೇಕಲ್ಲ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದರು. ಪಾತ್ರೆ ಕಂಡಲ್ಲಿ ಮುಚ್ಚಳ ಎತ್ತಿ ನೋಡುವುದು ಅವರ ಹುಟ್ಟುಗುಣ. ಬಿಸಿ ರೇಡಿಯೇಟರು ಸಾಂಬಾರಿನ ಪಾತ್ರೆಯಲ್ಲ, ತೆರೆದರೆ ಮುಖಕ್ಕೇ ಹಬೆ. ಕೈಗೆ ಒಂದು ಪೆಟ್ಟು ಕೊಟ್ಟು ಕೂರಿಸಿದೆ. ತಣಿಯುವವರೆಗೆ ಮೂವರೂ ಬನ್ಸ್ ತಿಂದು ಕಾಫಿ ಕುಡಿದೆವು.

ಶೆಟ್ಟೆಪ್ಪ ಲೋಟ ಹಿಡಿದುಕೊಂಡೇ ಎಂಜಿನ್ ನೋಡುತ್ತಿದ್ದರು. "ಒಂದು ತಿಳೀವಲ್ದು ಅಕ್ಕಾರ," ಎಂದರು. "ಬಾಜೂಕ ಈ ಪ್ಲಾಸ್ಟಿಕ್ ಬಾಟ್ಲಿ ಐತೆಲ್ಲ, ಎಂಜಿನ್ ಕಾಯ್ದಾಗ ಹೆಚ್ಚಿನ ನೀರು ಇದರಾಗ ಬರಬೇಕು, ಆರಿದ ಮ್ಯಾಲ ಹೊಳ್ಳಿ ಒಳಗ ಹೋಗಬೇಕು. ಇದರಾಗಿನ ನೀರು ಏರಿಲ್ಲ, ಇಳದಿಲ್ಲ. ಬಂದಾಗಿಂದ ನೋಡಾಕತ್ತೀನಿ. ಆ ಮುಚ್ಚಳಾ ಹೆಂಗೈತಿ ನೋಡ್ರಿ ಸ್ವಲ್ಪ."

ತಣಿದಿತ್ತು. ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ ತೆಗೆದೆ, ಮಗುಚಿ ನೋಡಿದೆ. ಒಳಗೆ ಸ್ಪ್ರಿಂಗಿನ ಕೆಳಗೆ ಇರಬೇಕಾದ ತೆಳ್ಳನೆಯ ರಬ್ಬರಿನ ಬದಲು ದಪ್ಪದ ಕಪ್ಪು ರಬ್ಬರಿನ ಬಿಲ್ಲೆ, ಕತ್ತರಿಯಿಂದ ಸೊಟ್ಟಸೊಟ್ಟಾಗಿ ಕತ್ತರಿಸಿದ್ದು, ಒತ್ತಿ ತುರುಕಿದ್ದು. ನೀರು ಹೊರಗೆ ಹೋಗುವ ದಾರಿಯೂ ಮುಚ್ಚಿತ್ತು, ವಾಪಸು ಬರುವ ದಾರಿಯೂ ಮುಚ್ಚಿತ್ತು. ಆ ರಬ್ಬರಿನ ಗುರುತು ನನಗೆ ಚೆನ್ನಾಗಿ ಉಂಟು. ಎಷ್ಟೋ ವರ್ಷ ಅದರಲ್ಲಿ ತೊಗರಿಬೇಳೆ ಬೇಯಿಸಿದ್ದೇನೆ.

ನನಗೆ ಎಲ್ಲ ಅರ್ಥವಾಯಿತು, ಉಳಿದಿಬ್ಬರಿಗೆ ಇನ್ನೂ ಆಗಿರಲಿಲ್ಲ. "ಮುಚ್ಚಳ ಸರಿ ಉಂಟು" ಎಂದು ಹಾಕಿಬಿಟ್ಟರೆ ಶೆಟ್ಟೆಪ್ಪ ಕೈಮುಗಿದು ಲೋಕಲ್ ಹಿಡಿಯುತ್ತಾರೆ. ಆದರೆ ನಾಳೆ ಭಂಗಾರ್‌ವಾಲಾ. ನಿಜ ಹೇಳಿದರೆ ಕೋಣ ಬದುಕುತ್ತದೆ, ಸಂಜೆಗೆ ಮಲಾಡಿನ ದಾರಿ ಹಿಡಿಯುತ್ತದೆ. ನಾನು ದೊಡ್ಡ ತ್ಯಾಗ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಆ ಸೊಟ್ಟ ಬಿಲ್ಲೆ ನೋಡುತ್ತ ನೋಡುತ್ತ ಸಿಟ್ಟು ನೆತ್ತಿಗೇರಿತು, ಅಷ್ಟೆ.

"ಹೋಯ್! ಇದು ಎಂಥದ್ದು? ನಮ್ಮ ಹಳೇ ಕುಕ್ಕರಿನ ಗ್ಯಾಸ್ಕೆಟ್ ಅಲ್ವಾ?"

ರಮಾನಾಥರ ಮುಖ ಹೆಮ್ಮೆಯಿಂದ ಅರಳಿತು. "ಹೌದು, ಗೊತ್ತಾಯ್ತಾ ನಿಂಗೆ? ಮುಚ್ಚಳದ ರಬ್ಬರ್ ಹರ್ದಿತ್ತು, ನಾನೇ ಕತ್ತರಿಸಿ ಕೂರಿಸಿದೆ. ಕುಕ್ಕರಲ್ಲಿ ಇಷ್ಟು ವರ್ಷ ಚೂರು ಹಬೆ ಆಚೆ ಹೋಗಿಲ್ಲ, ಗೊತ್ತುಂಟಾ?"

"ಕುಕ್ಕರಿಗೆ ಸೀಟಿ ಉಂಟು! ಇದಕ್ಕೆ ಸೀಟಿ ಎಲ್ಲಿ ಉಂಟು?"

ಶೆಟ್ಟೆಪ್ಪ ಮುಚ್ಚಳ ಇಸಿದುಕೊಂಡು ನೋಡಿ ಹಣೆ ಬಡಿದುಕೊಂಡರು. "ಈ ಸ್ಪ್ರಿಂಗ ಇದರ ಸೀಟಿ ಅಣ್ಣಾರ! ನೀವು ಅದರ ಬಾಯಿ ಕಟ್ಟೀರಿ. ಹಬಿ ಹೊರಗ ಹೋಗಾಕ ದಾರಿ ಇಲ್ಲ, ಯಾವ ಪೈಪು ಸಡ್ಲ ಐತಿ ಅದನ್ನ ಹರಕೊಂಡು ಬರತೈತಿ. ಇದೊಂದು ಹಾಕಿದ್ರ ಅದೊಂದು, ಅದೊಂದು ಹಾಕಿದ್ರ ಮತ್ತೊಂದು. ಮೆಕ್ಯಾನಿಕ್ ಮಂದಿ ಪಾಪ ಏನ್ ಮಾಡ್ಯಾರು?"

ರಮಾನಾಥರು ತಲೆ ತಗ್ಗಿಸಿಕೊಂಡು ಸ್ಕೂಟರ್ ಹತ್ತಿದರು. ಟ್ರಕ್ ಟರ್ಮಿನಲ್ಲಿನ ಕಡೆ ಭಾನುವಾರವೂ ಬಿಡಿಭಾಗದ ಅಂಗಡಿ ತೆರೆದಿರುತ್ತದೆ. ಹೊಸ ಮುಚ್ಚಳ, ಮೇಲಿನ ಪೈಪು, ಹಸಿರು ಕೂಲಂಟಿನ ಡಬ್ಬಿ ತಂದರು. ಅಷ್ಟರಲ್ಲಿ ನಾನೂ ಶೆಟ್ಟೆಪ್ಪನವರೂ ಕೋಣದ ಹೊಟ್ಟೆಯಿಂದ ಅರಶಿನವನ್ನೆಲ್ಲ ಹೊರಗೆ ಬಿಟ್ಟೆವು. ನಲ್ಲಿಯ ಪೈಪು ಇಟ್ಟು, ನೀರು ತಿಳಿಯಾಗುವವರೆಗೆ ತೊಳೆದೆವು. ಗಲ್ಲಿಯುದ್ದಕ್ಕೂ ಹಳದಿ ಹೊಳೆ ಹರಿಯಿತು. ಹೊಸ ಪೈಪು ಕೂತಿತು, ಕೂಲಂಟ್ ತುಂಬಿತು, ಗಾಳಿಯ ಗುಳ್ಳೆಗಳೆಲ್ಲ ಹೊರಬಂದವು, ಹೊಸ ಮುಚ್ಚಳ ಟಕ್ಕೆಂದು ಕೂತಿತು. ಎಂಜಿನ್ ಕಾದಾಗ ಬಾಟಲಿಯ ನೀರು ಮೆಲ್ಲಗೆ ಒಂದು ಬೆರಳಿನಷ್ಟು ಏರಿತು. ಅದನ್ನು ನೋಡಿ ಶೆಟ್ಟೆಪ್ಪನವರ ಕಣ್ಣು ತುಂಬಿತು. ನನ್ನದೂ ತುಂಬಿತು, ಬೇರೆ ಕಾರಣಕ್ಕೆ.

"ಒಂದು ರೌಂಡು ಹೊಡದು ಬರೂಣ್ರಿ. ಸೂಜಿ ಏರಲಿಲ್ಲ ಅಂದ್ರ ಗಾಡಿ ನಂದು," ಎಂದರು ಶೆಟ್ಟೆಪ್ಪ.

"ನಾನು ಓಡಿಸ್ತೇನೆ," ಎಂದೆ. ಕೊನೆಯ ಸಲ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಶೆಟ್ಟೆಪ್ಪ ನನ್ನ ಪಕ್ಕ. ಹಿಂದಿನ ಸೀಟಿನಲ್ಲಿ ರಮಾನಾಥರು, ತೊಡೆಯ ಮೇಲೆ ನೀರಿನ ಕ್ಯಾನು. ನಾನು ಓಡಿಸುವಾಗ ಅವರು ಈ ಗಾಡಿಯಲ್ಲಿ ಕೂತದ್ದು ಅದೇ ಮೊದಲು. ಹೆಂಗಸರ ಡ್ರೈವಿಂಗ್ ಎಂದಲ್ಲ, ಅವರಿಗೆ ಯಾರ ಡ್ರೈವಿಂಗ್ ಆದರೂ ಹೆದರಿಕೆ. ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಕಂಬಗಳ ಮೇಲೆ ಎತ್ತರದಲ್ಲಿ ಹೋಗುವ ಫ್ರೀವೇ ಹತ್ತಿಸಿದೆ. ಕೋಣಕ್ಕೆ ಎಷ್ಟು ದಿನದ ಮೇಲೆ ಉಸಿರು ಬಂದಿತ್ತೋ, ಗುಟುರು ಹಾಕಿಕೊಂಡು ಓಡಿತು. ಸೂಜಿ ಮಧ್ಯದಿಂದ ಕದಲಲಿಲ್ಲ. ಗಾಳಿ ಹೊಡೆಯಿತು, ನನ್ನ ಸೆರಗು ಶೆಟ್ಟೆಪ್ಪನವರ ಮುಖಕ್ಕೆ ಬಡಿಯಿತು, ಅವರು "ಹೋ" ಎಂದು ಕೂಗಿದರು. ಹಿಂದಿನಿಂದಲೂ ಒಂದು ಕೂಗು ಕೇಳಿತು. ಕನ್ನಡಿಯಲ್ಲಿ ನೋಡಿದರೆ ರಮಾನಾಥರು ಕಣ್ಣು ಬಿಟ್ಟಿದ್ದಾರೆ! "ವಾರಿಜಾ, ಅಲ್ಲಿ ನೋಡು, ಬಂದರಿನ ಕ್ರೇನು! ನಮ್ಮ ಮೋನೋರೈಲು! ಮೇಲಿಂದ ಹೀಗೆ ಕಾಣ್ತದಾ? ಇನ್ನೂ ಜೋರು ಬಿಡು ಮಾರಾಯ್ತಿ!"

ಕೆಳಗಿಳಿದು ಬದಿಗೆ ನಿಲ್ಲಿಸಿದೆ. ಶೆಟ್ಟೆಪ್ಪ ಕೈ ಚಾಚಿದರು. "ಆತು, ಮುಗೀತು. ಕೀಲಿ ಕೊಡ್ರಿ ಅಕ್ಕಾರ."

ಕೀಲಿ ನನ್ನ ಮುಷ್ಟಿಯಲ್ಲೇ ಇತ್ತು. ಕೈ ತೆರೆಯಲೇ ಇಲ್ಲ.

"ಶೆಟ್ಟೆಪ್ಪನವರೇ, ಬೇಜಾರು ಮಾಡ್ಬೇಡಿ. ನಾನು ಕೊಡುದಿಲ್ಲ. ನಂಗೆ ಕಷ್ಟ ಅಂತ ಇವರು ಮಾರ್ಲಿಕ್ಕೆ ಹೊರಟದ್ದು. ನಂಗೆ ಇದು ಕಷ್ಟ ಅಲ್ಲ. ಇಡೀ ದಿನದಲ್ಲಿ ಈ ಸೀಟಲ್ಲಿ ಕೂತಾಗ ಮಾತ್ರ ನಂಗೆ ಖುಷಿ ಆಗುದು."

ರಮಾನಾಥರು ಕ್ಯಾನು ಕೆಳಗಿಟ್ಟರು. "ಖುಷಿಯಾ? ಮತ್ತೆ ದಿನಾ ಮಾರ್ಕೆಟಿಂದ ಬಂದು ಸೊಂಟ ಹೋಯ್ತು, ಬೆನ್ನು ಹೋಯ್ತು ಅಂತಿ?"

"ಹಾಗೆ ಹೇಳದಿದ್ರೆ ನೀವು ಚಾ ಮಾಡಿ ಕೊಡ್ತೀರಾ?"

ಶೆಟ್ಟೆಪ್ಪ ನನ್ನನ್ನು ನೋಡಿದರು, ರಮಾನಾಥರನ್ನು ನೋಡಿದರು, ತಮ್ಮ ಹಳದಿ ಶರ್ಟು ನೋಡಿಕೊಂಡರು. "ಏನ್ ಮಂದಿರಿ ನೀವು! ಮೈತುಂಬ ಅರಿಶಿಣ ಹಚ್ಚಿ ಮದುವಿ ಮುರದ್ರಲ್ರೀ!" ಎಂದರು. ನಿಜವಾಗಿ ನೊಂದಿದ್ದರು, ಆದರೂ ನಗು ತಡೆಯಲಾಗಲಿಲ್ಲ. ಮಳೆ ಬಿದ್ದ ಮೇಲೆ ಒಂದು ದಿನ ನೀರಿನಲ್ಲಿ ಓಡಿಸಲು ಕೊಡಬೇಕೆಂದು ಮಾತು ತೆಗೆದುಕೊಂಡರು. ಗಂಗುಬಾಯಿಗೆ ಗಾಡಿ ಇನ್ನೂ ಸೋರುತ್ತದೆ ಎಂದು ಹೇಳುತ್ತೇನೆ ಎಂದರು. ಅವರನ್ನು ಸ್ಟೇಷನ್ನಿನ ಬಾಗಿಲಿಗೆ ಬಿಟ್ಟೆವು.

ರಮಾನಾಥರು ಇಳಿದು ಮುಂದಿನ ಸೀಟಿಗೆ ಬಂದು ಕೂತರು. ಕೂದಲೆಲ್ಲ ಕೆದರಿತ್ತು, ಮುಖದಲ್ಲಿ ಇನ್ನೂ ಗಾಳಿಯ ಕೆಂಪು. "ಇಷ್ಟು ಚಂದ ಉಂಟು ಅಂತ ಒಂದು ದಿನ ಹೇಳಿಲ್ಲ ನೀನು," ಎಂದರು. "ನಾಳೆಯಿಂದ ನಾನೂ ಬರ್ತೇನೆ ಮಾರ್ಕೆಟಿಗೆ. ದಿನಾ."

ಕೋಣ ಉಳಿಯಿತು, ಈಗ ನನ್ನದೆಂದಿದ್ದ ಬೆಳಗಿನ ಹೊತ್ತೇ ಹೋಗುತ್ತದಲ್ಲ! ಅವರನ್ನು ನೋಡಿದೆ. ನನ್ನ ಸುಖಕ್ಕೆಂದೇ ನನ್ನ ಗಾಡಿ ಮಾರಲು ಹೊರಟಿದ್ದ ಮನುಷ್ಯ. ಪ್ರೀತಿ ಉಕ್ಕಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಪ್ರೀತಿ ಬೇರೆ, ಖಾಡಿಯ ಗಾಳಿ ಬೇರೆ.

"ಮಂಗಳವಾರ ಮಾತ್ರ," ಎಂದೆ.

"ಮಂಗಳವಾರ, ಶುಕ್ರವಾರ?"

"ಮಂಗಳವಾರ."

ಅವರು ಹೋಟೆಲು ಬರುವವರೆಗೂ ಚೌಕಾಸಿ ಮಾಡಿದರು, ಆಮೇಲೆ ಒಪ್ಪಿಕೊಂಡರು.